ಜೊತೆಗಾರ 1 ನೋ ಟ್ರಂಪ್ ಕೂಗಿದಾಗ ಯಾವ ಉತ್ತರ ಕೊಡಬೇಕು?

ಇಸ್ಪೀಟಿನ ಬ್ರಿಜ್ ಆಟ ಕಲಿಯುತ್ತಿದ್ದೀರಿ, ಜೊತೆಗಾರರು 1 ನೋ ಟ್ರಂಪ್‌ನಿಂದ (ತುರುಫಿಲ್ಲದೆ ಏಳು ಟ್ರಿಕ್, ಅಂದರೆ ಏಳು ಸುತ್ತು, ಗೆಲ್ಲುತ್ತೇವೆಂಬ ಕೂಗು) ಹರಾಜು ತೆರೆದರು, ಕೈಯಲ್ಲಿ ಮೂರೇ ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಇತ್ತೆಂದು ನೀವು ಪಾಸ್ ಹೇಳಿದಿರಿ, ಆಟ ಮುಗಿದ ಮೇಲೆ ಅವರು ಬೇಸರಪಟ್ಟುಕೊಂಡರು. ಅವರ ಬೇಸರ ನ್ಯಾಯವೇ, ಇದಕ್ಕೆ ಉತ್ತರವಾಗಿ ಬಳಸುವ ಸಂಕೇತದ ಕೂಗುಗಳಾದ ಸ್ಟೇಮನ್ ಯಾವಾಗ, ಟ್ರಾನ್ಸ್‌ಫರ್ ಯಾವಾಗ ಎಂದು ಕೇಳಿದ್ದೀರಿ. ನೀವು ಬರೆದಿರುವ ಎಲೆಗಳು ಇವು: ಸ್ಪೇಡ್‌ನಲ್ಲಿ ರಾಣಿ, 9, 7, 4, 2, ಹಾರ್ಟ್‌ನಲ್ಲಿ 8, 3, ಡೈಮಂಡ್‌ನಲ್ಲಿ 10, 6, 5, ಕ್ಲಬ್‌ನಲ್ಲಿ ಗುಲಾಮ, 7, 4.

ಇಲ್ಲಿ ನಿಮ್ಮ ಉತ್ತರ 2 ಹಾರ್ಟ್ ಆಗಬೇಕಿತ್ತು. ಅದು ಹಾರ್ಟ್ ಇದೆ ಎಂಬ ಮಾತಲ್ಲ. ‘ನನ್ನ ಬಳಿ ಕನಿಷ್ಠ ಐದು ಸ್ಪೇಡ್ ಇವೆ, ನೀವು 2 ಸ್ಪೇಡ್ ಕೂಗಿ’ ಎಂಬ ಸೂಚನೆ. ಅವರು 2 ಸ್ಪೇಡ್ ಎನ್ನುತ್ತಾರೆ, ಆಮೇಲೆ ನೀವು ಪಾಸ್ ಹೇಳುತ್ತೀರಿ. ಇದೇ ಜೇಕಬಿ ಟ್ರಾನ್ಸ್‌ಫರ್. ಐದು ಹಾರ್ಟ್ ಇದ್ದರೆ ಇದೇ ರೀತಿ 2 ಡೈಮಂಡ್.

ದುರ್ಬಲ ಕೈಗೆ ಇಷ್ಟೆಲ್ಲ ಏಕೆ ಎಂದು ಹೊಸಬರು ಕೇಳುತ್ತಾರೆ. ಟ್ರಾನ್ಸ್‌ಫರ್ ಹೆಚ್ಚು ಉಪಕಾರ ಮಾಡುವುದೇ ದುರ್ಬಲ ಕೈಗೆ. ನೋ ಟ್ರಂಪ್ ಆಡಿದರೆ ನಿಮ್ಮ ಆ ಐದು ಸ್ಪೇಡ್‌ಗಳು ಬಹುತೇಕ ಮಲಗಿಯೇ ಇರುತ್ತವೆ: ಜೊತೆಗಾರರು ಕಷ್ಟಪಟ್ಟು ಆ ಬಣ್ಣವನ್ನು ಬೆಳೆಸಿದರೂ ನಿಮ್ಮ ಕೈಗೆ ಬರಲು ಬೇರೆ ಯಾವ ದಾರಿಯೂ ಇಲ್ಲ, ಎಕ್ಕವಾಗಲಿ ರಾಜನಾಗಲಿ ನಿಮ್ಮಲ್ಲಿಲ್ಲ. ಸ್ಪೇಡ್ ತುರುಫಾದರೆ ಅದೇ 7, 4, 2ಕ್ಕೂ ಬೆಲೆ ಬರುತ್ತದೆ. ಮೂರನೆಯ ಸುತ್ತಿನ ಹಾರ್ಟನ್ನು ತುರುಫಿನಿಂದ ಕೊಯ್ಯಬಹುದು, ನಿಮ್ಮ ಕೈಗೆ ಬರಲು ದಾರಿಯೂ ತೆರೆಯುತ್ತದೆ. 1 ನೋ ಟ್ರಂಪ್ ತೆರೆದವರ ಕೈ ಸಮತೋಲದ್ದು, ಪ್ರತಿ ಬಣ್ಣದಲ್ಲೂ ಕನಿಷ್ಠ ಎರಡೆಲೆ ಇರುತ್ತದೆ. ಹಾಗಾಗಿ ಏಳು ತುರುಫಂತೂ ಖಾತ್ರಿ. ಜೊತೆಗೆ ಬಲವಾದ ಕೈ ಮುಚ್ಚಿಯೇ ಇರುತ್ತದೆ, ಮೇಜಿನ ಮೇಲೆ ಹರಡುವುದು ನಿಮ್ಮದು. ಮೊದಲ ಎಲೆ ಅವರ ರಾಜ, ರಾಣಿಯರ ಕಡೆಗೆ ಬರುವುದು ದೊಡ್ಡ ಲಾಭ.

ಸೂತ್ರಗಳಿಗಿಂತ ಮೊದಲು ನಿಮಗೆ ಮನದಟ್ಟಾಗಬೇಕಾದದ್ದು ಒಂದಿದೆ. 1 ನೋ ಟ್ರಂಪ್ ಎಂದವರು 15ರಿಂದ 17 ಪಾಯಿಂಟ್ ಇದೆ ಎಂದು ತಮ್ಮ ಕೈಯನ್ನು ಹೆಚ್ಚುಕಡಿಮೆ ಪೂರ್ತಿ ವರ್ಣಿಸಿಬಿಟ್ಟಿದ್ದಾರೆ. ಅವರಿಗೆ ನಿಮ್ಮ ಕೈ ಗೊತ್ತಿಲ್ಲ. ನಿಮಗೆ ಎರಡೂ ಕೈಗಳ ಅಂದಾಜು ಇದೆ. ಆದ್ದರಿಂದ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು ನೀವು. ಇಡೀ ಕಟ್ಟಿನಲ್ಲಿ ಇರುವುದು 40 ಪಾಯಿಂಟ್. ಗೇಮ್‌ಗೆ (ಬೋನಸ್ ತರುವ 3 ನೋ ಟ್ರಂಪ್, 4 ಹಾರ್ಟ್, 4 ಸ್ಪೇಡ್‌ನಂಥ ಕೂಗಿಗೆ) ಇಬ್ಬರದ್ದೂ ಸೇರಿ ಸುಮಾರು 25 ಬೇಕು. ನಿಮ್ಮಲ್ಲಿ 7 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೆಳಗೇ ನಿಲ್ಲಿ, 8 ಅಥವಾ 9 ಇದ್ದರೆ ಗೇಮ್‌ಗೆ ಹೋಗೋಣವೇ ಎಂದು ಆಹ್ವಾನ ಕೊಡಿ, 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗೇಮ್ ಬಿಡಬೇಡಿ. ಟ್ರಾನ್ಸ್‌ಫರ್ ಆದ ಮೇಲೂ ಇದೇ ಲೆಕ್ಕ: ಐದು ಸ್ಪೇಡ್ ಮತ್ತು 9 ಪಾಯಿಂಟ್ ಇದ್ದರೆ 2 ನೋ ಟ್ರಂಪ್, 11 ಇದ್ದರೆ 3 ನೋ ಟ್ರಂಪ್. ನೀವು 3 ನೋ ಟ್ರಂಪ್ ಎಂದಾಗ ಮೂರು ಸ್ಪೇಡ್ ಇರುವ ಜೊತೆಗಾರರು 4 ಸ್ಪೇಡ್‌ಗೆ ತಿರುಗಿಸುತ್ತಾರೆ, ಎರಡೇ ಇದ್ದರೆ ಸುಮ್ಮನಿರುತ್ತಾರೆ. ಆರು ಸ್ಪೇಡ್ ಇದ್ದು ಗೇಮ್‌ಗೆ ಬೇಕಾದಷ್ಟು ಪಾಯಿಂಟೂ ಇದ್ದರೆ ಕೇಳುವುದೇನಿದೆ, ನೀವೇ 4 ಸ್ಪೇಡ್ ಕೂಗಿ.

ಇನ್ನು ಸ್ಟೇಮನ್. 1945ರಲ್ಲಿ ಸ್ಯಾಮ್ ಸ್ಟೇಮನ್ ಇದರ ಬಗ್ಗೆ ಲೇಖನ ಬರೆದದ್ದರಿಂದ ಅವರ ಹೆಸರು ನಿಂತಿತು. ವಾಸ್ತವವಾಗಿ ಇದನ್ನು ರೂಪಿಸಿದವರು ಅವರ ಜೊತೆಗಾರ ಜಾರ್ಜ್ ರಾಪೆ. ಇಂಗ್ಲೆಂಡಿನಲ್ಲಿ ಜಾಕ್ ಮಾರ್ಕ್ಸ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡಿದ್ದರು. ಐದಲ್ಲ, ನಾಲ್ಕು ಸ್ಪೇಡ್ ಅಥವಾ ನಾಲ್ಕು ಹಾರ್ಟ್ ಇದ್ದಾಗ 2 ಕ್ಲಬ್ ಎಂದು ಕೇಳುತ್ತೀರಿ: ‘ನಿಮ್ಮಲ್ಲೂ ನಾಲ್ಕಿವೆಯೇ?’ ಎರಡೂ ಬಣ್ಣಗಳಲ್ಲಿ ಇಲ್ಲದಿದ್ದರೆ ಉತ್ತರ 2 ಡೈಮಂಡ್. ನಾಲ್ಕು ಹಾರ್ಟ್ ಇದ್ದರೆ 2 ಹಾರ್ಟ್, ಸ್ಪೇಡ್ ಮಾತ್ರ ನಾಲ್ಕಿದ್ದರೆ 2 ಸ್ಪೇಡ್.

ಒಂದು ಕೈ ನೋಡಿ: ಸ್ಪೇಡ್ ರಾಜ, ಗುಲಾಮ, 6, 3, ಹಾರ್ಟ್ 7, 2, ಡೈಮಂಡ್ ಎಕ್ಕ, 9, 5, 4, ಕ್ಲಬ್ ರಾಣಿ, 8, 6. ಒಟ್ಟು 10 ಪಾಯಿಂಟ್, ಗೇಮ್ ಖಚಿತ. 2 ಕ್ಲಬ್ ಕೇಳಿ. 2 ಸ್ಪೇಡ್ ಬಂದರೆ 4 ಸ್ಪೇಡ್. 2 ಡೈಮಂಡ್ ಬಂದರೆ 3 ನೋ ಟ್ರಂಪ್. 2 ಹಾರ್ಟ್ ಬಂದರೂ 3 ನೋ ಟ್ರಂಪ್, ಮತ್ತು ಇಲ್ಲೊಂದು ಸೊಗಸಾದ ತರ್ಕವಿದೆ: ನೀವು ಸ್ಟೇಮನ್ ಕೇಳಿ ಹಾರ್ಟ್ ಬೇಡವೆಂದಿರಿ, ಹಾಗಾದರೆ ನಿಮ್ಮಲ್ಲಿ ನಾಲ್ಕು ಸ್ಪೇಡ್ ಇರಲೇಬೇಕು. ಎರಡೂ ಬಣ್ಣಗಳಲ್ಲಿ ನಾಲ್ಕಿರುವ ಜೊತೆಗಾರರು ಇದನ್ನು ಗ್ರಹಿಸಿ 4 ಸ್ಪೇಡ್‌ಗೆ ಹೋಗುತ್ತಾರೆ. ಬ್ರಿಜ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹೀಗೆ ಆಡದ ಮಾತಿನಿಂದ ತಿಳಿಯುವ ಸಂಗತಿಗಳೇ.

ಸ್ಟೇಮನ್ ಕೇಳುವ ಮುನ್ನ ಮೂರೂ ಉತ್ತರಗಳಿಗೆ ನಿಮ್ಮ ಮುಂದಿನ ಕೂಗು ಸಿದ್ಧವಿರಬೇಕು. ನಾಲ್ಕು ಸ್ಪೇಡ್, 4 ಪಾಯಿಂಟ್ ಇಟ್ಟುಕೊಂಡು ಆಸೆಗೆ 2 ಕ್ಲಬ್ ಎಂದರೆ, 2 ಹಾರ್ಟ್ ಬಂದಾಗ ಸಿಕ್ಕಿಬೀಳುತ್ತೀರಿ: 2 ನೋ ಟ್ರಂಪ್ ಎಂದರೆ 8 ಪಾಯಿಂಟ್ ಇದೆ ಎಂದಂತಾಗುತ್ತದೆ. ಅಂಥ ಕೈಯಲ್ಲಿ ಪಾಸೇ ಸರಿ. ಕ್ಲಬ್ ಒಂದೋ ಸೊನ್ನೆಯೋ ಇದ್ದು, ಉಳಿದ ಮೂರೂ ಬಣ್ಣಗಳು ನಾಲ್ಕಾದರೂ ಇರುವ ದುರ್ಬಲ ಕೈ ಮಾತ್ರ ಇದಕ್ಕೆ ಹೊರತು. ಆಗ 2 ಕ್ಲಬ್ ಕೇಳಿ, ಯಾವ ಉತ್ತರ ಬಂದರೂ ಪಾಸ್ ಹೇಳಿ.

ಕ್ಲಬ್ ಅಥವಾ ಡೈಮಂಡ್ ಉದ್ದವಿದ್ದು 10 ಪಾಯಿಂಟ್ ಇದ್ದರೆ ಸಾಮಾನ್ಯವಾಗಿ ನೇರ 3 ನೋ ಟ್ರಂಪ್. ಅಲ್ಲಿ ಒಂಬತ್ತು ಟ್ರಿಕ್ ಸಾಕು, 5 ಕ್ಲಬ್‌ಗೆ ಹನ್ನೊಂದು ಬೇಕು, ಟ್ರಿಕ್‌ಗಳಿಂದ ಸಿಗುವ ಅಂಕ ಎರಡರಲ್ಲೂ 100.

ಜೊತೆಗಾರರೊಂದಿಗೆ ಮತ್ತೆ ಕೂರುವ ಮುನ್ನ ಎರಡು ವಿಷಯ ಕೇಳಿಕೊಳ್ಳಿ. ಅವರ 1 ನೋ ಟ್ರಂಪ್ 15ರಿಂದ 17ರದ್ದೋ, ಇಂಗ್ಲೆಂಡಿನ ಏಕಲ್ ಪದ್ಧತಿಯ 12ರಿಂದ 14ರದ್ದೋ? ಎರಡನೆಯದಾದರೆ ಆಹ್ವಾನಕ್ಕೆ ನಿಮಗೆ 11 ಅಥವಾ 12, ಗೇಮ್‌ಗೆ 13 ಬೇಕಾಗುತ್ತದೆ. ಎದುರಾಳಿ ನಡುವೆ ಡಬಲ್ ಹೇಳಿದರೆ ಅಥವಾ ತಮ್ಮ ಬಣ್ಣ ಕೂಗಿದರೆ ಸ್ಟೇಮನ್, ಟ್ರಾನ್ಸ್‌ಫರ್ ಉಳಿಯುತ್ತವೆಯೋ ಇಲ್ಲವೋ? ಇದಕ್ಕೆ ಜೋಡಿಗಳ ನಡುವೆ ಬೇರೆ ಬೇರೆ ಒಪ್ಪಂದಗಳಿವೆ. ಡಬಲ್ ಆದರೆ ಉಳಿಸಿಕೊಳ್ಳಿ, ಬಣ್ಣ ಕೂಗಿದರೆ ಕೈಬಿಟ್ಟು ಸಹಜ ಅರ್ಥದಲ್ಲೇ ಕೂಗಿ ಎಂಬುದು ಆರಂಭಿಕರಿಗೆ ನನ್ನ ಸಲಹೆ.