ಸ್ಮಾರ್ಟ್ ಬೋರ್ಡ್ ಬಂತು, ಈಗ ಯಾವ ಕೋರ್ಸು ಓದಲಿ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಬಿ.ಎಸ್ಸಿ., ಬಿ.ಎಡ್. ಆಗಿದೆ. ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ವಿಡಿಯೋ ಹಾಕುವುದು ಬಿಟ್ಟರೆ ಅದರಲ್ಲಿ ಇನ್ನೇನು ಮಾಡಬೇಕೋ ತಿಳಿಯುತ್ತಿಲ್ಲ. ಶೈಕ್ಷಣಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಓದುವ ಆಸೆ ಇದೆ. ಮಕ್ಕಳು ಚಿಕ್ಕವರು, ಕೆಲಸ ಬಿಡುವ ಹಾಗಿಲ್ಲ. ಎಂ.ಎಡ್. ಮಾಡಲೋ, ದೂರಶಿಕ್ಷಣ ಸಾಕೋ? ಸಂಬಳಕ್ಕೆ ಏನಾದರೂ ಅನುಕೂಲ ಆಗುತ್ತಾ?

ಉತ್ತರ: ಮೇಡಂ, ನೀವು ಹೇಳಿದ ಪರಿಸ್ಥಿತಿಯಲ್ಲಿ ಎಂ.ಎಡ್. ಕಷ್ಟ. ಅದು 2 ವರ್ಷದ ಕೋರ್ಸು, ತರಗತಿಗೆ ಹೋಗಲೇಬೇಕು. ಮುಂದೆ ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವ ಗುರಿ ಇದ್ದರೆ ರಜೆ ಹಾಕಿಯಾದರೂ ಓದಿ ಎನ್ನುತ್ತಿದ್ದೆ. ನಿಮಗೆ ಬೇಕಿರುವುದು ನಿಮ್ಮ ತರಗತಿ ಸುಧಾರಿಸುವುದು. ಅದಕ್ಕೆ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ದೂರಶಿಕ್ಷಣದ ಎಂ.ಎ. ಶಿಕ್ಷಣ ಕೋರ್ಸು ನೋಡಿ. ಅದರಲ್ಲಿ ಶೈಕ್ಷಣಿಕ ತಂತ್ರಜ್ಞಾನವನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು. ಕನಿಷ್ಠ 2 ವರ್ಷ, ಆದರೆ 4 ವರ್ಷದವರೆಗೆ ಎಳೆಯಬಹುದು. ಮಕ್ಕಳಿರುವವರಿಗೆ ಇದು ದೊಡ್ಡ ಅನುಕೂಲ. ಜೂನ್ ಪರೀಕ್ಷೆ ತಪ್ಪಿದರೆ ಡಿಸೆಂಬರಿನಲ್ಲಿ ಬರೆಯಬಹುದು. ಒಂದೇ ಅಡಚಣೆ ಎಂದರೆ ಪುಸ್ತಕಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತವೆ. ಮೊದಲ ಕೆಲವು ತಿಂಗಳು ಓದು ನಿಧಾನವಾಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಈಗ ನಿಮ್ಮ ಸ್ಮಾರ್ಟ್ ಬೋರ್ಡಿನ ವಿಷಯ. ಈ ಕೋರ್ಸಿಗೆ ಸೇರುವ ಎಷ್ಟೋ ಶಿಕ್ಷಕರು ಸಾಫ್ಟ್‌ವೇರ್ ಕಲಿಸುತ್ತಾರೆ ಎಂದುಕೊಂಡಿರುತ್ತಾರೆ. ಅಸಲಿಗೆ ಇಲ್ಲಿ ಕಲಿಯುವುದು ಪಾಠವನ್ನು ಕಟ್ಟುವ ಬಗೆ. ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲೇ ಒಂದು ಖಡಕ್ ಮಾತು ಹೇಳಿದ್ದರು: ದಿನಸಿ ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಬದಲಾಗುವುದಿಲ್ಲ, ಹಾಗೆಯೇ ಪಾಠವನ್ನು ತಲುಪಿಸುವ ಸಾಧನದಿಂದ ಕಲಿಕೆ ಬದಲಾಗುವುದಿಲ್ಲ. ಇದರ ಬಗ್ಗೆ ಆಮೇಲೆ ಬೇಕಾದಷ್ಟು ವಾದ ನಡೆದಿದೆ. ಆದರೂ ಶಾಲೆಗೆ ಹೊಸ ಸಲಕರಣೆ ಬಂದಾಗಲೆಲ್ಲ ನೆನೆಯಬೇಕಾದ ಮಾತು ಅದು.

ನಿಮ್ಮ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 1/2 + 1/3 ಎಷ್ಟು ಎಂದರೆ ಎಂಟನೇ ತರಗತಿಯಲ್ಲೂ ಕೆಲವು ಮಕ್ಕಳು 2/5 ಎಂದು ಬರೆಯುತ್ತಾರೆ, ಅಲ್ವಾ? ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. ಇಂಥ ಮಗುವಿಗೆ ಲಸಾಅ ಹೇಳಿಕೊಡುವ ಹತ್ತು ನಿಮಿಷದ ವಿಡಿಯೋ ತೋರಿಸಿದರೆ ನೋಡುತ್ತದೆ, ನಾಳೆ ಮತ್ತೆ 2/5 ಬರೆಯುತ್ತದೆ. ಅದರ ಬದಲು ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರಿನಲ್ಲಿ ಒಂದೇ ಉದ್ದದ ಎರಡು ಪಟ್ಟಿ ಬರೆಯಿರಿ. ಒಂದರಲ್ಲಿ ಅರ್ಧಕ್ಕೆ ಬಣ್ಣ ತುಂಬಿ, ಇನ್ನೊಂದರಲ್ಲಿ 2/5ಕ್ಕೆ. ಎರಡನ್ನೂ ಒಂದರ ಕೆಳಗೊಂದು ಇಟ್ಟು ಸುಮ್ನೆ ಕೇಳಿ: "ಅರ್ಧಕ್ಕೆ ಇನ್ನೂ ಸ್ವಲ್ಪ ಸೇರಿಸಿದ್ದೀವಿ. ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆಯಲ್ಲ, ಹೇಗೆ?" ಮಕ್ಕಳು ತಾವೇ ಜಗಳಕ್ಕೆ ಬೀಳುತ್ತಾರೆ. ಲಸಾಅ ಆಮೇಲೆ ಬರಲಿ.

ಮೊದಲು ಮಗು ಎಲ್ಲಿ ಎಡವುತ್ತದೆ ಎಂದು ನೋಡಬೇಕು. ಕಲಿತದ್ದು ಗೊತ್ತಾಗುವುದು ಹೇಗೆ ಎಂದು ತೀರ್ಮಾನಿಸಬೇಕು. ಸಲಕರಣೆ ಯಾವುದು ಎನ್ನುವುದು ಕೊನೆಯ ಪ್ರಶ್ನೆ. ಇಡೀ ಕೋರ್ಸಿನ ತಿರುಳು ಇಷ್ಟೇ ಎಂದರೂ ತಪ್ಪಿಲ್ಲ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಸಂಶೋಧನೆಯನ್ನೂ ಓದುತ್ತೀರಿ. ಚಿತ್ರವನ್ನು ಮಾತಲ್ಲಿ ವಿವರಿಸುವಾಗ ಅದೇ ಮಾತುಗಳನ್ನು ಪರದೆಯ ಮೇಲೂ ಬರೆದರೆ ಕಲಿಕೆಗೆ ಅಡ್ಡಿಯಾಗುತ್ತದೆ ಎಂದು ಅವರು ತೋರಿಸಿದ್ದಾರೆ. ಇದು ಗೊತ್ತಾದರೆ ನಿಮ್ಮ ಸ್ಲೈಡುಗಳಲ್ಲಿ ಅರ್ಧದಷ್ಟು ಅಕ್ಷರ ತಾನಾಗಿಯೇ ಕಡಿಮೆಯಾಗುತ್ತದೆ. ಅಸೈನ್‌ಮೆಂಟುಗಳನ್ನು ಯಾರದೋ ನೋಡಿ ಬರೆಯಬೇಡಿ. ಪ್ರತಿಯೊಂದಕ್ಕೂ ನಿಮ್ಮ ಮಕ್ಕಳ ನೋಟ್‌ಬುಕ್ಕಿನಿಂದಲೇ ಉದಾಹರಣೆ ತೆಗೆಯಿರಿ. ಕೆಲಸದಲ್ಲಿದ್ದು ಓದುವವರಿಗೆ ಇರುವ ಲಾಭ ಇದೇ, ರೆಗ್ಯುಲರ್ ವಿದ್ಯಾರ್ಥಿಗೆ ಇದು ಸಿಗುವುದಿಲ್ಲ.

ಕಾಗದಪತ್ರದ ಕೆಲಸ ಮರೆಯಬೇಡಿ. ಅರ್ಜಿ ಹಾಕುವ ಮೊದಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ ಇಲಾಖೆಯ ಅನುಮತಿ ಲಿಖಿತವಾಗಿ ಪಡೆಯಿರಿ. ಪಾಸಾದ ಮೇಲೆ ಸೇವಾ ಪುಸ್ತಕದಲ್ಲಿ ನಮೂದು ಮಾಡಿಸುವಾಗ ಈ ಪತ್ರವೇ ಕೈಹಿಡಿಯುತ್ತದೆ. ಯಾವ ವಿಶ್ವವಿದ್ಯಾಲಯವಾದರೂ ಆ ವರ್ಷ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿ ಜಾಲತಾಣದಲ್ಲೇ ನೋಡಿ, ಏಜೆಂಟರ ಮಾತು ನಂಬಬೇಡಿ. ಈಗ ದೂರಶಿಕ್ಷಣಕ್ಕೆ ಸೇರಲು ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಕೂಡ ಮಾಡಿಸಬೇಕು. ಸಂಬಳದ ಆಸೆಗೆ ಮಾತ್ರ ಸೇರಬೇಡಿ. ಇನ್‌ಕ್ರಿಮೆಂಟ್ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಆದೇಶದ ಪ್ರತಿ ತೋರಿಸಿ ಎಂದು ಕೇಳಿ.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಫೀಸು ಕಟ್ಟುವ ಶಕ್ತಿ ಸದ್ಯಕ್ಕಿಲ್ಲ. ಉಚಿತ ಕೋರ್ಸುಗಳಿಂದ ಪ್ರಯೋಜನ ಇದೆಯೇ?

ಉತ್ತರ: ಖಂಡಿತ ಇದೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಪೋರ್ಟಲಿನಲ್ಲಿ ಕಲಿಯಲು ದುಡ್ಡಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಶಾಲಾ ಶಿಕ್ಷಣಕ್ಕೆಂದೇ ಇರುವ ಸರ್ಕಾರಿ ತಾಣ ‘ದೀಕ್ಷಾ’ದಲ್ಲೂ ಶಿಕ್ಷಕರ ಕೋರ್ಸುಗಳಿವೆ. ಕನ್ನಡದಲ್ಲೇ ಬೇಕೆಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ನೋಡಿ. ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಎಂಬ, ಕಂಪ್ಯೂಟರಿನಲ್ಲೇ ಮಾಡಿ ನೋಡುವ ಪ್ರಯೋಗಗಳೂ ಉಚಿತ, ಹಲವು ಕನ್ನಡದಲ್ಲಿವೆ. ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಒಂದೇ ಒಂದು ಕೋರ್ಸು ಹಿಡಿದು ಪೂರ್ತಿ ಮುಗಿಸಿ. ಒಬ್ಬರೇ ಮಾಡಿದರೆ ಅರ್ಧಕ್ಕೇ ನಿಲ್ಲುವುದು ಜಾಸ್ತಿ, ಹಾಗಾಗಿ ನಿಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕರನ್ನೂ ಜೊತೆಗೆ ಸೇರಿಸಿಕೊಳ್ಳಿ.