ಸಣ್ಣ ಸಾಹಿತ್ಯ ಪತ್ರಿಕೆಯಲ್ಲಿ ವಿಮರ್ಶಕರ ಹೆಸರು ಮುಚ್ಚಿಡಬೇಕೇ?

ಗೆಳೆಯರೆಲ್ಲ ಸೇರಿ ಸ್ವತಂತ್ರವಾಗಿ ಒಂದು ಸಾಹಿತ್ಯ ಪತ್ರಿಕೆ ತರುತ್ತಿದ್ದೀರಿ. ವಿಮರ್ಶೆ ಅನ್ನುವುದು ಬೆನ್ನುಡಿಯ ಮುಂದುವರಿದ ಭಾಗ ಆಗಬಾರದು, ಅದಕ್ಕೆ ಬರೆದವರ ಹೆಸರನ್ನೇ ಹಾಕದಿದ್ದರೆ ಹೇಗೆ ಎಂದು ಕೇಳಿದ್ದೀರಿ. ನಾನು ಒಂದು ಸಣ್ಣ ಪತ್ರಿಕೆಯ ವಿಮರ್ಶೆಯ ಪುಟಗಳನ್ನು ನೋಡಿಕೊಳ್ಳುತ್ತೇನೆ. ನನ್ನ ಮಾತು ಇಷ್ಟು: ಹೆಸರು ಹಾಕಿ.

ಹೆಸರಿಲ್ಲದ ವಿಮರ್ಶೆ ಹೊಸದೇನಲ್ಲ. 1902ರಲ್ಲಿ ಶುರುವಾದ ಲಂಡನ್ನಿನ ಪುಸ್ತಕ ವಿಮರ್ಶೆಯ ಪತ್ರಿಕೆ ಟೈಮ್ಸ್ ಲಿಟರರಿ ಸಪ್ಲಿಮೆಂಟ್ 1974ರವರೆಗೂ ಆ ಪದ್ಧತಿಯನ್ನೇ ನಡೆಸಿಕೊಂಡು ಬಂತು. ಹೆಸರಿಲ್ಲದಿದ್ದರೆ ದಾಕ್ಷಿಣ್ಯ ಇರುವುದಿಲ್ಲ, ನಿಜ. ಆದರೆ ಅದರ ಜತೆಗೇ ಹೊಣೆಯೂ ಹೋಗುತ್ತದೆ. ಹಳೆಯ ಸೇಡು ತೀರಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಮರೆ ಸಿಗದು. ಮೇಲಾಗಿ ಸಣ್ಣ ಸಾಹಿತ್ಯ ವಲಯದಲ್ಲಿ ಎರಡು ಪ್ಯಾರಾ ಓದುವಷ್ಟರಲ್ಲಿ ಇದು ಯಾರ ಕೈ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಮುಚ್ಚಲೇಬೇಕೆಂದಿದ್ದರೆ ಇನ್ನೊಂದು ಬದಿಯ ಹೆಸರನ್ನು ಮುಚ್ಚಿ. ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಡ್ಜಿನ ತಮ್ಮ ತರಗತಿಯಲ್ಲಿ ಕವಿಯ ಹೆಸರು ತೆಗೆದು ಪದ್ಯಗಳನ್ನು ಹಂಚಿ, ಅನ್ನಿಸಿದ್ದನ್ನು ಬರೆದುಕೊಡಿ ಎನ್ನುತ್ತಿದ್ದರು. 1929ರಲ್ಲಿ ಆ ಬರಹಗಳ ಆಧಾರದ ಮೇಲೆ ಪುಸ್ತಕವನ್ನೇ ತಂದರು. ದೊಡ್ಡ ಕವಿಗಳನ್ನು ಓದುಗರು ಒದ್ದು ಆಚೆ ಹಾಕಿದ್ದರು, ಸಾಧಾರಣದವರನ್ನು ತಲೆಮೇಲೆ ಹೊತ್ತಿದ್ದರು. ನೀವು ಪ್ರತಿ ಸಂಚಿಕೆಯಲ್ಲೂ ಒಂದು ಹೊಸ ಕವಿತೆಯನ್ನು, ಕವಿಯ ಒಪ್ಪಿಗೆ ಪಡೆದು, ಹೆಸರಿಲ್ಲದೆ ಮೂವರ ಕೈಗೆ ಕೊಡಿ. ಮೂವರ ಬರಹವನ್ನೂ ಅವರವರ ಹೆಸರಿನೊಂದಿಗೆ ಅಕ್ಕಪಕ್ಕ ಅಚ್ಚು ಹಾಕಿ. ಕವಿ ಯಾರೆಂದು ಮುಂದಿನ ಸಂಚಿಕೆಯಲ್ಲಿ ತಿಳಿಸಿ. ಬರೆಯಲು ಹಿಂಜರಿಯುವವರು ಇರುತ್ತಾರೆ. ಯಾರು ಹಿಂಜರಿಯುತ್ತಾರೆ ಅನ್ನುವುದೂ ಸಂಪಾದಕರಿಗೆ ಉಪಯೋಗದ ಮಾಹಿತಿಯೇ.

ಆದರೆ ನಿಜವಾದ ಕೆಲಸ ಇರುವುದು ತಿದ್ದುವ ಮೇಜಿನ ಮೇಲೆ. ‘ಓದಿಸಿಕೊಂಡು ಹೋಗುತ್ತದೆ’, ‘ಸಂಗ್ರಹಯೋಗ್ಯ ಕೃತಿ’, ‘ಇವರ ಲೇಖನಿಯಿಂದ ಇನ್ನಷ್ಟು ಕೃತಿಗಳು ಬರಲಿ’ — ಇವೆಲ್ಲ ಪುಸ್ತಕ ತೆರೆಯದೆಯೂ ಬರೆಯಬಹುದಾದ ಮಾತುಗಳು. ಇತ್ತೀಚೆಗೆ ಒಂದು ಕಾದಂಬರಿಯ ವಿಮರ್ಶೆಯಲ್ಲಿ ‘ಸಂಭಾಷಣೆ ಸಹಜವಾಗಿದೆ’ ಎಂದಿತ್ತು. ಅಂಚಿನಲ್ಲಿ ‘ಯಾವ ಪುಟ? ಎರಡು ಸಾಲು ಎತ್ತಿ ಕೊಡಿ’ ಎಂದಷ್ಟೇ ಬರೆದು ವಾಪಸು ಕಳಿಸಿದೆ. ವಿಮರ್ಶಕರು ಸಾಲು ಹುಡುಕುತ್ತ ಕೂತಾಗ ಅಜ್ಜಿಯೂ ಮೊಮ್ಮಗಳೂ ಒಂದೇ ಥರ ಮಾತಾಡುತ್ತಿದ್ದಾರೆ, ಇಬ್ಬರ ವಾಕ್ಯಗಳನ್ನು ಅದಲುಬದಲು ಮಾಡಿದರೂ ವ್ಯತ್ಯಾಸ ತಿಳಿಯದು ಎಂದು ಅವರಿಗೇ ಗೊತ್ತಾಯಿತು. ಆ ಒಂದು ವಾಕ್ಯದ ಜಾಗದಲ್ಲಿ ಪೂರ್ತಿ ಒಂದು ಪುಟ ಬಂತು, ಲೇಖನದಲ್ಲಿ ಅದೇ ಓದಲು ಯೋಗ್ಯವಾದ ಭಾಗವಾಯಿತು. ಮೂಲದ ಸಾಲು ತೋರಿಸದೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬ ಒಂದೇ ನಿಯಮ ಇಟ್ಟುಕೊಂಡರೂ ಅರ್ಧಕ್ಕರ್ಧ ಬೆಣ್ಣೆ ಮಾತು ತಾನಾಗಿಯೇ ಉದುರಿಹೋಗುತ್ತದೆ.

ಇದಕ್ಕೆ ಜಾಗ ಬೇಕು. ಮುನ್ನೂರು ಪದ ಕೊಟ್ಟರೆ ಕಥಾಸಾರ ಬರುತ್ತದೆ, ಅಷ್ಟೇ. ಅಮೆರಿಕದ ವಿಮರ್ಶೆಯಲ್ಲಿ ಸಪ್ಪೆ ಹೊಗಳಿಕೆಯೇ ತುಂಬಿದೆ ಎಂದು ಅಲ್ಲಿನ ಲೇಖಕಿ ಎಲಿಜಬೆತ್ ಹಾರ್ಡ್ವಿಕ್ 1959ರಲ್ಲಿ ಬರೆದಿದ್ದರು. ನಾಲ್ಕು ವರ್ಷದ ನಂತರ, ಮುಷ್ಕರದಿಂದಾಗಿ ನ್ಯೂಯಾರ್ಕಿನ ದಿನಪತ್ರಿಕೆಗಳು ನಿಂತಿದ್ದಾಗ, ಗೆಳೆಯರೊಂದಿಗೆ ಸೇರಿ ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್ ಪತ್ರಿಕೆ ಶುರು ಮಾಡಿದರು. ಒಂದು ಪುಸ್ತಕಕ್ಕೆ ಪ್ರಬಂಧದಷ್ಟು ಉದ್ದದ ವಿಮರ್ಶೆ ಅದರ ಗುರುತಾಯಿತು. ಬಂದ ಪುಸ್ತಕಗಳನ್ನೆಲ್ಲ ಗಮನಿಸುವ ಹರಕೆ ಹೊತ್ತುಕೊಳ್ಳಬೇಡಿ. ಉಳಿದವಕ್ಕೆ, ಬಂದ ಪುಸ್ತಕಗಳ ಹೆಸರಷ್ಟೇ ಕೊಡುವ ‘ಸಾದರ ಸ್ವೀಕಾರ’ದ ಪಟ್ಟಿ ಇದ್ದೇ ಇದೆ.

ಗೌರವ ಪ್ರತಿ ಕಳಿಸಿದವರೇ ‘ಇಂಥವರ ಕೈಲಿ ಬರೆಸಿ’ ಎಂದು ಸೂಚಿಸಿದರೆ, ಆ ಒಬ್ಬರನ್ನು ಬಿಟ್ಟು ಬೇರೆ ಯಾರನ್ನಾದರೂ ಕೇಳಿ. ಮುನ್ನುಡಿ ಬರೆದವರಂತೂ ಬೇಡವೇ ಬೇಡ. ಲೇಖಕರ ಪ್ರತಿಕ್ರಿಯೆಗೆ ಮೊದಲ ಸಂಚಿಕೆಯಿಂದಲೇ ಒಂದು ಪುಟ ಮೀಸಲಿಡಿ: ಅವರ ಉತ್ತರ ಒಂದು ಸಲ, ವಿಮರ್ಶಕರ ಮರುಮಾತು ಒಂದು ಸಲ. ಮೂರನೆಯ ಪತ್ರ ಬಂದೇ ಬರುತ್ತದೆ. ಅದನ್ನು ಹಾಕಬೇಡಿ.