ಕರ್ಣನ ಪಾತ್ರ ಮಾಡಿದ ಮೇಷ್ಟ್ರಿಗೆ

ಓದುಗರ ಪತ್ರ

‘ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಓದುಗರ ಮೆಚ್ಚಿನ ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್, ಆಡುವವನೇ ಕತೆಯ ಒಂದು ಪಾತ್ರವಾಗುವ ಆಟ) ಅಂತ ನಾಲ್ಕು ಪುಟವನ್ನು ವಿಡಿಯೋ ಗೇಮಿಗೆ ಕೊಟ್ಟಿದ್ದೀರಿ. ಮೈಸೂರಿನಿಂದ ಬರುವ ಪತ್ರಿಕೆಗೆ ಇದು ಬೇಕಿತ್ತಾ? ರಮ್ಮಿ ಆಪ್‌ಗಳಿಂದ ಹಳ್ಳಿ ಹುಡುಗರು ಹಾಳಾಗಿದ್ದು ಸಾಲದಾ? ನನ್ನ ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ರಾತ್ರಿ ಎರಡರವರೆಗೆ ಆಟ. ಮೊನ್ನೆ ನೀರು ಕುಡಿಯಲು ಎದ್ದಾಗ ನೋಡಿದೆ. ಪರದೆ ಮೇಲೆ ದಪ್ಪ ಹೊಟ್ಟೆಯ ಗಡ್ಡದವನೊಬ್ಬ ಏನನ್ನೋ ಎತ್ತಿಕೊಂಡು ಕತ್ತಲಲ್ಲಿ ನಡೆಯುತ್ತಿದ್ದ. ನನ್ನ ಮಗ ಕಣ್ಣೊರೆಸಿಕೊಳ್ಳುತ್ತಿದ್ದ. ಕೇಳಿದರೆ, ನಿಮಗೆ ಅರ್ಥ ಆಗಲ್ಲ ಬಿಡಿ ಅಪ್ಪ ಅಂದ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಊರ ನಾಟಕದಲ್ಲಿ ಕರ್ಣನ ಪಾತ್ರ ಮಾಡಿದವನು. ಗೇಮ್ ಆಡಿ ಅಳುವಂಥದ್ದು ಏನಿದೆ? ಎಲ್ಲವೂ ಪರದೇಶದ ಕತೆ. ಆ ಪುಟಗಳಲ್ಲಿ ಬೇರೆ ಏನಾದರೂ ಹಾಕಿ.’

— ನಿವೃತ್ತ ಶಿಕ್ಷಕರು, ಮಂಡ್ಯ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ

ಮೇಷ್ಟ್ರೇ,

ಆ ದಪ್ಪ ಹೊಟ್ಟೆಯವನು ಯಾರು ಅಂತ ನಿಮ್ಮ ಪತ್ರ ಓದುತ್ತಲೇ ಗೊತ್ತಾಯಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮಗ ಹೇಳಲಿಲ್ಲವಲ್ಲ.

ಆಟದ ಹೆಸರು ‘ದಿ ವಿಚರ್ 3: ವೈಲ್ಡ್ ಹಂಟ್’. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 2015ರ ಮೇ ತಿಂಗಳಲ್ಲಿ ಹೊರತಂದದ್ದು. ಆ ದೇಶದ ಲೇಖಕ ಆಂಜೆಯ್ ಸಪ್ಕೋವ್ಸ್ಕಿ ಬರೆದ ಕತೆಗಳ ಲೋಕ ಅದು. ನಿಮ್ಮ ಮಗ ಅಲ್ಲಿ ಗೆರಾಲ್ಟ್. ದುಡ್ಡು ತೆಗೆದುಕೊಂಡು ಪಿಶಾಚಿಗಳನ್ನು ಹೊಡೆಯುವುದು ಅವನ ಕಸುಬು. ಸಾಕುಮಗಳನ್ನು ಹುಡುಕುತ್ತಾ ಯುದ್ಧದಲ್ಲಿ ಹಾಳಾದ ವೆಲೆನ್ ಎಂಬ ಸೀಮೆಗೆ ಬರುತ್ತಾನೆ. ಅಲ್ಲಿ ದರ್ಬಾರು ನಡೆಸುತ್ತಿರುವವನೇ ನೀವು ಕಂಡ ಹೊಟ್ಟೆಯವನು. ಆಟಗಾರರು ಅವನನ್ನು ಬ್ಲಡಿ ಬ್ಯಾರನ್ ಅನ್ನುತ್ತಾರೆ. ಕುಡುಕ. ಹೆಂಡತಿಗೆ ಹೊಡೆದವನು. ಜಗಳದಲ್ಲಿ ಅವಳ ಗರ್ಭ ಇಳಿದಿದೆ. ಹೆಸರಿಡದೆ ಹೂತ ಆ ಕೂಸು ಈಗ ಪಿಶಾಚಿಯಾಗಿ ಎದ್ದಿದೆ.

ಗೆರಾಲ್ಟ್ ಅದನ್ನು ಕತ್ತಿಯಿಂದ ಕಡಿದು ಹಾಕಬಹುದು. ಇಲ್ಲವೇ ಅಪ್ಪನ ಕೈಯಲ್ಲೇ ಎತ್ತಿಸಿ, ಮನೆವರೆಗೆ ನಡೆಸಿ, ಹೆಸರಿಡಿಸಿ, ಹೊಸ್ತಿಲ ಕೆಳಗೆ ಹೂಳಿಸಬಹುದು. ನಿಮ್ಮ ಮಗ ಎರಡನೆಯದನ್ನು ಆರಿಸಿಕೊಂಡಿದ್ದಾನೆ. ದಾರಿಯಲ್ಲಿ ಕೂಸು ಮತ್ತೆ ಮತ್ತೆ ಕೆರಳುತ್ತದೆ. ಕೆರಳಿದಾಗಲೆಲ್ಲ ಆಟಗಾರ ಬಟನ್ ಒತ್ತಿ ಅದನ್ನು ಸಮಾಧಾನ ಮಾಡಬೇಕು. ನಡುವೆ ಬೇರೆ ದೆವ್ವಗಳು ಮೇಲೆ ಬೀಳುತ್ತವೆ, ಅವನ್ನೂ ತಡೆಯಬೇಕು. ಬ್ಯಾರನ್ ಮಾತ್ರ ಆ ವಿಕಾರದ ಕೂಸನ್ನು ತೋಳಲ್ಲಿ ಹಿಡಿದು ನಡೆಯುತ್ತಲೇ ಇರುತ್ತಾನೆ. ಕೊನೆಗೆ ಡೇಯಾ ಅಂತ ಹೆಸರಿಟ್ಟು, ಮಗಳೇ ಅಂತ ಕರೆದು ಕ್ಷಮೆ ಕೇಳುತ್ತಾನೆ. ನೀವು ನೀರಿಗೆ ಎದ್ದದ್ದು ಆ ಹೊತ್ತಿಗೆ.

ಇಷ್ಟೇ ಆಗಿದ್ದರೆ ಒಂದು ಒಳ್ಳೆಯ ದೃಶ್ಯ ಅಂತ ಬಿಡಬಹುದಿತ್ತು. ಆದರೆ ಅದೇ ಸೀಮೆಯಲ್ಲಿ ಒಂದು ಮರದ ಬುಡದಲ್ಲಿ ಸೆರೆಯಾದ ಶಕ್ತಿಯೊಂದಿದೆ. ನನ್ನನ್ನು ಬಿಡಿಸು, ಅನಾಥ ಮಕ್ಕಳನ್ನು ಉಳಿಸುತ್ತೇನೆ ಅನ್ನುತ್ತದೆ. ನಂಬಿ ಬಿಡಿಸಿದರೆ ಮಕ್ಕಳೇನೋ ಉಳಿಯುತ್ತಾರೆ. ಬ್ಯಾರನ್ನನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ನಂಬದೆ ಕೊಂದರೆ ಹೆಂಡತಿ ಬದುಕುತ್ತಾಳೆ, ಆದರೆ ಬುದ್ಧಿ ನೆಟ್ಟಗಿರುವುದಿಲ್ಲ. ಮಕ್ಕಳು ಹೋಗುತ್ತಾರೆ. ಇದೆಲ್ಲ ಆಟಗಾರನಿಗೆ ಮೊದಲೇ ಗೊತ್ತಿರುವುದಿಲ್ಲ. ಬಹಳ ಹೊತ್ತಿನ ಮೇಲೆ ಗೊತ್ತಾಗುತ್ತದೆ. ನಿಮ್ಮ ಮಗ ಇನ್ನೂ ಅಲ್ಲಿಗೆ ಬಂದಿಲ್ಲದಿದ್ದರೆ ದಯವಿಟ್ಟು ಈ ಪ್ಯಾರಾ ತೋರಿಸಬೇಡಿ.

ನಮಗೆ ಬಂದ ಪತ್ರಗಳನ್ನೆಲ್ಲ ಓದಿದ ಮೇಲೆ ನನಗೆ ಎದ್ದು ಕಂಡದ್ದು ಇದೇ. ಗ್ರಾಫಿಕ್ಸ್ ಸಕತ್ತಾಗಿದೆ ಅಂತ ಬರೆದವರು ಕಡಿಮೆ. ಗೆದ್ದ ಕತೆ ಬರೆದವರಂತೂ ಇಲ್ಲವೇ ಇಲ್ಲ. ಬಹುಪಾಲು ಜನ ತಾವು ಮಾಡಿದ ಒಂದು ತೀರ್ಮಾನ, ಅದರಿಂದ ಯಾರಿಗೋ ಆದ ನೋವು, ಅದನ್ನೇ ಬರೆದಿದ್ದಾರೆ. ಇವರಿಗೆ ಈ ಆಟಗಳು ಇಷ್ಟವಾಗುವುದು ತಮ್ಮನ್ನು ಕೇಳುತ್ತವೆ ಅಂತ. ಕೇಳಿ, ಹೇಳಿದ್ದನ್ನು ಮರೆಯುವುದಿಲ್ಲ ಅಂತ.

ನೀವು ಕರ್ಣನಾದವರು. ನಮ್ಮ ಸೀಮೆಯ ಕುರುಕ್ಷೇತ್ರ ನಾಟಕ ಹೇಗೆ ಕಟ್ಟುತ್ತಾರೆ ಅಂತ ನಿಮಗೆ ನಾನು ಹೇಳಬೇಕಾ? ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುತ್ತಾರೆ. ಪಾತ್ರಕ್ಕೆ ಇಂತಿಷ್ಟು ಅಂತ ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಜಾಸ್ತಿ, ಸೈನಿಕನಿಗೆ ಕಡಿಮೆ. ಹಗಲು ಗದ್ದೆಯಲ್ಲಿ ನಾಟಿ ಮುಗಿಸಿದವನು ಜೇಬಿನಿಂದ ದುಡ್ಡು ಕೊಟ್ಟು ರಾತ್ರಿಯಿಡೀ ಇನ್ನೊಬ್ಬನಾಗುತ್ತಾನೆ. ಕುಂತಿ ಬಂದು ‘ಮಗನೇ’ ಅಂದಾಗ ನಿಮಗೆ ಗಂಟಲು ಕಟ್ಟಿರಲಿಲ್ಲವಾ? ನಿಮ್ಮ ಮಗ ಮಾಡುತ್ತಿರುವುದೂ ಅದನ್ನೇ. ವ್ಯತ್ಯಾಸ ಇರುವುದು ಒಂದು ಕಡೆ. ಕುಂತಿ ವರ ಕೇಳಿದರೆ ಕರ್ಣ ಕೊಟ್ಟೇ ತೀರಬೇಕು. ನಿಮ್ಮ ಕರ್ಣ ‘ಇಲ್ಲಮ್ಮ, ಕೊಡಲ್ಲ, ಹೋಗು’ ಅಂದಿದ್ದರೆ ಹಾರ್ಮೋನಿಯಂ ನಿಂತುಹೋಗುತ್ತಿತ್ತು. ಈ ಆಟಗಳಲ್ಲಿ ಹಾಗೆ ಅನ್ನಬಹುದು. ಅಂದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಯಾರೋ ಕೂತು ಬರೆದಿಟ್ಟಿರುತ್ತಾರೆ.

ಇದು ಶುರುವಾದದ್ದು ಕಂಪ್ಯೂಟರಿನಲ್ಲಿ ಅಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ತಂದರು. ಮೇಜಿನ ಸುತ್ತ ನಾಲ್ಕೈದು ಜನ, ಕಾಗದ, ಪೆನ್ಸಿಲ್, ದಾಳ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ‘ನಾನು ಹೀಗೆ ಮಾಡುತ್ತೇನೆ’ ಅನ್ನುತ್ತಾರೆ. ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. (ಕೂತು ಹೊಸ ಆಟ ಕಟ್ಟುವುದು ಮೈಸೂರಿಗೇನೂ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಮಣೆಯಾಟಗಳನ್ನು ರಚಿಸಿದವರು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವನ್ನು ಚಿತ್ರಿಸಿದ್ದಾರೆ. ಅರಮನೆ ಗೋಡೆಯಲ್ಲೇ ಆಟಕ್ಕೆ ಜಾಗ ಸಿಕ್ಕಿದೆ, ನಮ್ಮ ನಾಲ್ಕು ಪುಟ ಏನು ಮಹಾ!)

ಆ ದಾಳವನ್ನು ಹಾಗೇ ಉಳಿಸಿಕೊಂಡ ಆಟ ‘ಬಾಲ್ಡರ್ಸ್ ಗೇಟ್ 3’. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ತಂದದ್ದು. ಆ ವರ್ಷದ ಶ್ರೇಷ್ಠ ಆಟ ಅಂತ ದೊಡ್ಡ ಪ್ರಶಸ್ತಿಯೂ ಬಂತು. ಕಾವಲುಗಾರನಿಗೆ ಸುಳ್ಳು ಹೇಳಿ ಒಳಗೆ ನುಗ್ಗಬೇಕಾದರೆ 20 ಮುಖದ ದಾಳ ಪರದೆ ಮೇಲೆ ಉರುಳುತ್ತದೆ. 1 ಬಿತ್ತೋ, ನೀವು ಎಂಥ ಮಾತಿನ ಮಲ್ಲರಾದರೂ ಕೆಟ್ಟಿರಿ. ಸೋತರೆ ಹಳೆಯ ಸೇವ್, ಅಂದರೆ ಮೊದಲೇ ಉಳಿಸಿಟ್ಟುಕೊಂಡ ಹಂತ, ತೆರೆದು ಮತ್ತೆ ದಾಳ ಹಾಕುವವರೇ ಜಾಸ್ತಿ. ಕುವೆಂಪುನಗರದ ವಿದ್ಯಾರ್ಥಿನಿಯೊಬ್ಬರು ಆ ಚಟ ಬಿಟ್ಟರಂತೆ. ‘ಕೆಟ್ಟದ್ದು ಕೆಡಲಿ ಅಂತ ಬಿಟ್ಟ ಮೇಲೆ ಆಟಕ್ಕೆ ರುಚಿ ಬಂತು’ ಅಂತ ಬರೆದಿದ್ದಾರೆ. ಪ್ರಾಣಿಗಳ ಜೊತೆ ಮಾತಾಡುವ ಮಂತ್ರವೂ ಅದರಲ್ಲಿದೆ. ಈಕೆ ದಾರಿಯಲ್ಲಿ ಸಿಕ್ಕ ದನ, ನಾಯಿ, ಇಲಿ ಯಾವುದನ್ನೂ ಮಾತಾಡಿಸದೆ ಬಿಟ್ಟಿಲ್ಲ.

ಸೇವ್ ತೆರೆದು ತಪ್ಪಿಸಿಕೊಳ್ಳುವವರನ್ನು ಹಿಡಿದುಹಾಕುವ ಆಟವೂ ಒಂದಿದೆ. 2015ರ ‘ಅಂಡರ್‌ಟೇಲ್’. ಟೋಬಿ ಫಾಕ್ಸ್ ಎಂಬಾತ ಹೆಚ್ಚುಕಡಿಮೆ ಒಬ್ಬನೇ ಮಾಡಿದ್ದು. ನೋಡಲು ಚೌಕ ಚೌಕದ ಹಳೇ ಕಾಲದ ಚಿತ್ರ. ಯಾರನ್ನೂ ಕೊಲ್ಲದೆಯೇ ಇದನ್ನು ಮುಗಿಸಬಹುದು. ಮೊದಲಿಗೆ ಟೊರಿಯಲ್ ಎಂಬ ತಾಯಿಯಂಥವಳು ಸಿಗುತ್ತಾಳೆ. ಹೋಗಬೇಡ, ಹೊರಗೆ ಅಪಾಯ ಅಂತ ಅಡ್ಡ ನಿಲ್ಲುತ್ತಾಳೆ. ದಾರಿ ಕಾಣದೆ ಎಷ್ಟೋ ಜನ ಅವಳನ್ನು ಕೊಂದುಬಿಡುತ್ತಾರೆ. ಛೆ, ಹೀಗಾಯಿತಲ್ಲ ಅಂತ ಸೇವ್ ತೆರೆದು, ಈ ಸಲ ಅವಳನ್ನು ಉಳಿಸಿ ಮುಂದೆ ಹೋಗುತ್ತಾರೆ. ಮುಂದೆ ಒಂದು ಹೂವು ಕಾದಿರುತ್ತದೆ. ‘ನೀನು ಏನು ಮಾಡಿದೆ ಅಂತ ನನಗೆ ಗೊತ್ತು, ಅವಳನ್ನು ಕೊಂದು ಆಮೇಲೆ ವಾಪಸ್ ಹೋದೆ’ ಎಂಬರ್ಥದ ಮಾತಾಡುತ್ತದೆ. ಈ ಜಾಗದಲ್ಲಿ ಕುರ್ಚಿಯಿಂದ ಎದ್ದು ನಿಂತೆ ಅಂತ ಬರೆದವರಿದ್ದಾರೆ. ನನಗೆ ಆಶ್ಚರ್ಯ ಆಗಲಿಲ್ಲ.

ನಿಮ್ಮಂಥ ಕನ್ನಡ ಮೇಷ್ಟ್ರು ಒಂದೇ ಒಂದು ಆಟ ನೋಡುವುದಾದರೆ 2019ರ ‘ಡಿಸ್ಕೋ ಎಲಿಸಿಯಂ’ ನೋಡಿ ಅನ್ನುತ್ತೇನೆ. ಎಸ್ಟೋನಿಯಾದವರು ಕಟ್ಟಿದ್ದು. ಕುಡಿದು ನೆನಪೇ ಕಳೆದುಕೊಂಡ ಪತ್ತೇದಾರನೊಬ್ಬ ಲಾಡ್ಜಿನ ನೆಲದ ಮೇಲೆ ಕಣ್ಣು ಬಿಡುತ್ತಾನೆ. ಹಿತ್ತಲಲ್ಲಿ ಮರಕ್ಕೆ ಒಂದು ಹೆಣ ನೇತಾಡುತ್ತಿದೆ, ಅದರ ತನಿಖೆ ಇವನ ಕೆಲಸ. ಲಾಡ್ಜಿನ ರೂಮಿನ ಫ್ಯಾನಿಗೆ ಇವನ ಟೈ ಸಿಕ್ಕಿಕೊಂಡು ತಿರುಗುತ್ತಿದೆ. ಶಕ್ತಿ ಕಡಿಮೆ ಇಟ್ಟುಕೊಂಡು ಆಡಿದರೆ ಅದನ್ನು ಎಳೆಯಲು ಹೋಗಿ ಎದೆ ನಿಂತು ಅಲ್ಲೇ ಸಾಯಬಹುದು. ಆಟ ಶುರುವಾಗಿ ಐದು ನಿಮಿಷಕ್ಕೆ ಮುಗಿಯಿತು! ಬಟನ್ ಒತ್ತಿ ಒತ್ತಿ ಹೊಡೆದಾಡುವುದು ಇದರಲ್ಲಿ ಇಲ್ಲವೇ ಇಲ್ಲ. ಬರೀ ಮಾತು. ಅವನ ತಲೆಯೊಳಗಿನ 24 ಗುಣಗಳು, ಅಂದರೆ ತರ್ಕ, ಕರುಣೆ, ಅಧಿಕಾರ ಇಂಥವೆಲ್ಲ ಒಂದೊಂದೂ ಬಾಯಿ ಹಾಕುತ್ತವೆ, ಒಂದಕ್ಕೊಂದು ಜಗಳವಾಡುತ್ತವೆ, ಎಷ್ಟೋ ಸಲ ತಪ್ಪು ಬುದ್ಧಿ ಹೇಳುತ್ತವೆ. ಹತ್ತು ಲಕ್ಷಕ್ಕೂ ಹೆಚ್ಚು ಪದಗಳ ಬರವಣಿಗೆ ಅದು. ಮದ್ದೂರು ಕಡೆಯ ಓದುಗರೊಬ್ಬರು ಕನ್ನಡ ಮೀಡಿಯಂನಲ್ಲಿ ಓದಿದವರು. ಮೊಬೈಲಿನಲ್ಲಿ ಡಿಕ್ಷನರಿ ತೆರೆದಿಟ್ಟುಕೊಂಡು ಅದನ್ನು ಮುಗಿಸಿದರಂತೆ. ಪುಸ್ತಕ ಕೊಟ್ಟಿದ್ದರೆ ಹತ್ತು ಪುಟಕ್ಕೆ ಬಿಡುತ್ತಿದ್ದೆ ಅಂತ ಅವರೇ ಬರೆದಿದ್ದಾರೆ.

ಆಯ್ಕೆ ಇಲ್ಲದೆಯೂ ಅಳಿಸುವ ಆಟಗಳಿವೆ. ಜಪಾನಿನವು ನಿಮ್ಮ ನಾಟಕಕ್ಕೆ ಜಾಸ್ತಿ ಹತ್ತಿರ, ಕತೆ ಬರೆದ ಹಾಗೇ ನಡೆಯುತ್ತದೆ. 1997ರ ‘ಫೈನಲ್ ಫ್ಯಾಂಟಸಿ 7’ರಲ್ಲಿ ಏರಿತ್ ಎಂಬ ಹುಡುಗಿ ನಡುವೆಯೇ ಸಾಯುತ್ತಾಳೆ. ಏನು ಮಾಡಿದರೂ ತಪ್ಪಿಸಲು ಆಗುವುದಿಲ್ಲ. ಅಷ್ಟು ದಿನ ಅವಳಿಗೆ ವಿದ್ಯೆ ಕಲಿಸಿ, ಆಯುಧ ಕೊಡಿಸಿ ಬೆಳೆಸಿದವನು ಆಟಗಾರನೇ. ಮುಂದಿನ ಕಾಳಗದಲ್ಲಿ ಅವಳ ಜಾಗ ಖಾಲಿ. ನಲವತ್ತು ದಾಟಿದ ಓದುಗರು ಇವತ್ತಿಗೂ ಆ ಮಾತೆತ್ತುತ್ತಾರೆ.

ಎಲ್ಲ ಮೆಚ್ಚುಗೆಯನ್ನೂ ನಾನು ಒಪ್ಪುವುದಿಲ್ಲ. ನಮಗೆ ಬಂದ ಪತ್ರಗಳಲ್ಲಿ ತುಂಬಾ ಸಲ ಬಂದ ಹೆಸರು 2011ರ ‘ಸ್ಕೈರಿಮ್’. ಬೆಟ್ಟ, ಹಿಮ, ಡ್ರ್ಯಾಗನ್, ಎಲ್ಲಿ ಬೇಕಾದರೂ ಸುಮ್ನೆ ನಡೆದುಕೊಂಡು ಹೋಗುವ ಸುಖ. ಅದು ನಿಜ. ಆದರೆ ಕತೆ ಪೇಲವ. ಜನ ಗೊಂಬೆಗಳ ಹಾಗೆ ಮಾತಾಡುತ್ತಾರೆ. ‘ಎಲ್ಡನ್ ರಿಂಗ್’ ಮೆಚ್ಚುವವರು ಬೇರೆಯೇ ಪಂಗಡ. ಐವತ್ತು ಸಲ ಸತ್ತು ಐವತ್ತೊಂದನೇ ಸಲ ಗೆಲ್ಲುವುದರಲ್ಲಿ ಅವರಿಗೆ ಖುಷಿ. ಅವರ ಪಾಡಿಗೆ ಅವರನ್ನು ಬಿಡೋಣ.

ಪರದೇಶದ ಕತೆ ಅಂದಿರಿ. ಬಹುಪಾಲು ಹೌದು. ಆದರೆ 2014ರಲ್ಲಿ ಭಾರತದ ಪೈರೊಡಾಕ್ಟೈಲ್ ಎಂಬ ಪುಟ್ಟ ತಂಡ ‘ಅನ್‌ರೆಸ್ಟ್’ ಅಂತ ಒಂದು ಆರ್‌ಪಿಜಿ ತಂದಿತ್ತು. ಪ್ರಾಚೀನ ಭಾರತವನ್ನು ಹೋಲುವ ಒಂದು ನಾಡು, ಅಲ್ಲಿ ಬರಗಾಲ. ನೀವು ವೀರ ಅಲ್ಲ, ಸಾಮಾನ್ಯ ಮನುಷ್ಯ. ಒಂದು ಕಡೆ ಮನೆಯವರು ಮದುವೆ ಗೊತ್ತು ಮಾಡಿದ ರೈತರ ಹುಡುಗಿಯಾಗಿ ಆಡುತ್ತೀರಿ. ಒಪ್ಪಬೇಕಾ, ಬೇಡ ಅನ್ನಬೇಕಾ, ಯಾರ ಹತ್ತಿರ ಏನು ಮಾತಾಡಬೇಕು ಅನ್ನುವುದೇ ಆಟ. ದೊಡ್ಡ ಹೆಸರು ಮಾಡಲಿಲ್ಲ, ಪಾಪ. ಕನ್ನಡದಲ್ಲಿ ಇಂಥದ್ದು ಬರಬೇಕು ಅಂತ ನಿಮ್ಮಷ್ಟೇ ನನಗೂ ಆಸೆ. ಕತೆ ಬರೆಯುವವರು ಬೇಕು, ಕೋಡ್ ಬರೆಯುವವರು ಬೇಕು. ಇಬ್ಬರೂ ಮೈಸೂರಿನಲ್ಲಿ ಇದ್ದಾರೆ, ಒಬ್ಬರನ್ನೊಬ್ಬರು ಮಾತಾಡಿಸಿಲ್ಲ ಅಷ್ಟೇ.

ಮಂಡ್ಯದಿಂದಲೇ ಬಂದ ಇನ್ನೊಂದು ಪತ್ರ ಹೇಳಲೇಬೇಕು. ಬರೆದವರು ಕಬ್ಬು ಬೆಳೆಯುವ ಮನೆಯವರು. ಅವರ ಮೆಚ್ಚಿನ ಆಟ ‘ಸ್ಟಾರ್‌ಡ್ಯೂ ವ್ಯಾಲಿ’. ಎರಿಕ್ ಬರೋನ್ ಎಂಬೊಬ್ಬನೇ ವರ್ಷಗಟ್ಟಲೆ ಕೂತು ಮಾಡಿ 2016ರಲ್ಲಿ ಹೊರತಂದದ್ದು. ಕಂಪನಿ ಕೆಲಸ ಬಿಟ್ಟು ತಾತನ ಜಮೀನಿಗೆ ಬರುವವನ ಕತೆ. 28 ದಿನಕ್ಕೊಂದು ಋತು. ಮೊದಲ ದಿನ 15 ಬೀಜ ಕೈಗೆ ಬರುತ್ತದೆ. ನಾಲ್ಕು ದಿನ ನೀರು ಹಾಕಿದರೆ ಫಸಲು. ಅದನ್ನು ಮನೆ ಪಕ್ಕದ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಗ್ಗೆ ಪೂರ್ತಿ ದುಡ್ಡು ಬಂದಿರುತ್ತದೆ. ‘ತೂಕದಲ್ಲಿ ಮೋಸ ಇಲ್ಲ, ಬಾಕಿ ಇಲ್ಲ, ಧರಣಿ ಕೂರೋದಿಲ್ಲ. ಅದಕ್ಕೇ ಸಾರ್ ನನಗೆ ಇಷ್ಟ’ ಅಂತ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾನು ಮೊದಲು ಹಾಕಿದ್ದು ಈ ಪತ್ರವನ್ನೇ.

ಇನ್ನು ರಮ್ಮಿ. ಅದೂ ಇದೂ ಒಂದೇ ಅಲ್ಲ ಮೇಷ್ಟ್ರೇ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ನಾನು ಇಲ್ಲಿಯವರೆಗೆ ಹೇಳಿದ ಆಟಗಳಲ್ಲಿ ಬಾಜಿ ಇಲ್ಲ. ಒಂದು ಸಲ ಕೊಂಡರೆ ಆಯಿತು. ಆದರೆ ಆರ್‌ಪಿಜಿ ವೇಷದಲ್ಲೇ ಜೇಬಿಗೆ ಕೈ ಹಾಕುವವೂ ಇವೆ, ಆ ವಿಷಯದಲ್ಲಿ ನಾನು ನಿಮ್ಮ ಕಡೆ. 2020ರ ‘ಗೆನ್ಶಿನ್ ಇಂಪ್ಯಾಕ್ಟ್’ ನೋಡಿ. ಆಟ ಬಿಟ್ಟಿ, ನೋಡಲು ಚೆಂದ, ಸಂಗೀತವೂ ಇಂಪು. ಹೊಸ ಪಾತ್ರ ಬೇಕಾದರೆ ಮಾತ್ರ ಲಾಟರಿ ಚೀಟಿ ಎತ್ತುವ ಹಾಗೆ ಎತ್ತಬೇಕು. 90 ಸಲದೊಳಗೆ ಐದು ನಕ್ಷತ್ರದ ಪಾತ್ರ ಒಂದು ಬಂದೇ ಬರುತ್ತದೆ. ಅದು ನಿಮಗೆ ಬೇಕಾದದ್ದೇ ಆಗಿರುತ್ತದೆ ಅನ್ನುವ ಖಾತ್ರಿ ಮೊದಲ ಸಲಕ್ಕೆ ಇಲ್ಲ. ಪುಕ್ಕಟೆ ಚೀಟಿ ಮುಗಿದವರು ದುಡ್ಡು ಹಾಕುತ್ತಾರೆ. ನಿಮ್ಮ ಮಗ ಇಂಥದ್ದರಲ್ಲಿ ಇದ್ದಾನಾ ಅಂತ ವಿಚಾರಿಸಿ. ವಿಚರ್ ಆಡುತ್ತಿದ್ದರೆ ಆ ಭಯ ಬೇಡ.

ರಾತ್ರಿ ಎರಡು ಗಂಟೆಯ ಮಾತು ಮಾತ್ರ ಸರಿ. ಇವು ಉದ್ದದ ಆಟಗಳು. ‘ಪರ್ಸೋನಾ 5’ ಮುಗಿಸಲು ಸುಮಾರು ನೂರು ಗಂಟೆ ಬೇಕು. ಆದರೆ ನಾಲ್ಕು ಜನ ಸೇರಿ ಆಡುವ ಆನ್‌ಲೈನ್ ಪಂದ್ಯದ ಹಾಗಲ್ಲ, ಮಧ್ಯದಲ್ಲಿ ಎದ್ದರೆ ಯಾರಿಗೂ ನಷ್ಟ ಇಲ್ಲ. ಸೇವ್ ಮಾಡಿ ಮಲಗಬಹುದು. ಹನ್ನೊಂದೂವರೆಗೆ ಸೇವ್ ಮಾಡು ಅಂತ ಕೇಳಿ ನೋಡಿ. ‘ಆಫ್ ಮಾಡು’ ಅನ್ನಬೇಡಿ, ‘ಸೇವ್ ಮಾಡು’ ಅನ್ನಿ. ಬೇಗ ಕೇಳುತ್ತಾರೆ.

ಪುಟಗಳ ವಿಷಯ. ಕಡಿಮೆ ಮಾಡುವುದಿಲ್ಲ, ಕ್ಷಮಿಸಿ. ಬದಲಿಗೆ ಮುಂದಿನ ಸಂಚಿಕೆಯಿಂದ ಒಂದು ಪುಟವನ್ನು ಅಪ್ಪ ಅಮ್ಮಂದಿರಿಗೆ ಬಿಡುತ್ತೇವೆ. ಮಕ್ಕಳ ಆಟದ ಬಗ್ಗೆ ಅವರ ತಕರಾರು, ಅನುಮಾನ, ಪ್ರಶ್ನೆ ಏನಿದ್ದರೂ ಬರಲಿ. ಮೊದಲನೆಯದು ನಿಮ್ಮದೇ ಆದರೆ ಒಳ್ಳೆಯದು. ಬ್ಯಾರನ್ನನ ಭಾಗವನ್ನು ಮಗನ ಪಕ್ಕ ಕೂತು ಒಮ್ಮೆ ಪೂರ್ತಿ ನೋಡಿ, ನಾಟಕ ಮಾಡಿದವರ ಕಣ್ಣಿಗೆ ಅದು ಹೇಗೆ ಕಂಡಿತು ಅಂತ ಬರೆಯಿರಿ. ಚೆನ್ನಾಗಿಲ್ಲ ಅಂದರೂ ಹಾಕುತ್ತೇವೆ. ತಿಂಗಳ 20ರೊಳಗೆ ನಮ್ಮ ಕೈಸೇರಲಿ.

— ಸಂಪಾದಕ